ಸೈಕಲ್ ಕಟ್ಟೆ: ಚರ್ಮದ ಸೀಟಿನ ಸಂಗತಿ

ನನ್ನ ಸೈಕಲ್ಲಿನ ಚರ್ಮದ ಸೀಟಿಗೆ ಹದಿನಾಲ್ಕು ವರ್ಷ ತುಂಬಿತು ಎಂದು ಕಳೆದ ತಿಂಗಳ ಅಂಕಣದಲ್ಲಿ ಮಾತಿನ ನಡುವೆ ಒಂದು ಸಾಲು ಬರೆದಿದ್ದೆ. ಚೈನಿನ ಬಗ್ಗೆ ಎರಡು ಪುಟ ಬರೆದಾಗ ಒಂದೇ ಒಂದು ಪತ್ರ ಬಂದಿರಲಿಲ್ಲ. ಸೀಟಿನ ಆ ಒಂದು ಸಾಲಿಗೆ ಮಾತ್ರ ಕಂತೆಗಟ್ಟಲೆ ಪತ್ರಗಳು ಬಂದಿವೆ. ಸವಾರರಿಗೆ ನೋವು ಎಲ್ಲಿದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ. ವಿಷಯವೇ ಅಂಥದ್ದು, ಹಾಗಾಗಿ ಊರನ್ನು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ಭಾನುವಾರಗಳಂದು ಧಾರವಾಡ ದಾಟಿ ಕಿತ್ತೂರಿನವರೆಗೆ ಹೋಗಿ ಬರುತ್ತೇನೆ. ಜೆಲ್ ತುಂಬಿದ ಅಗಲವಾದ ಸೀಟು ಹಾಕಿಸಿ, ಅದರ ಮೇಲೆ ಇನ್ನೊಂದು ಜೆಲ್ ಕವರ್ ಕೂಡ ಏರಿಸಿದ್ದೇನೆ. ಆದರೂ ನಲವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕುಳಿತುಕೊಳ್ಳಲು ಆಗುವುದಿಲ್ಲ. ಗೆಳೆಯನೊಬ್ಬ ಚರ್ಮದ ಸೀಟು ತೆಗೆದುಕೋ ಎನ್ನುತ್ತಾನೆ. ಅವನದನ್ನು ಒತ್ತಿ ನೋಡಿದೆ, ಹಲಗೆಯಂತಿದೆ. ಅಂಗಡಿಯವರು ಹತ್ತು ಸಾವಿರದ ಮೇಲೆ ಹೇಳುತ್ತಾರೆ. ಅಷ್ಟು ಹಣ ಕೊಟ್ಟು ಹಲಗೆಯ ಮೇಲೆ ಕೂರಬೇಕೇ?
(ಹುಬ್ಬಳ್ಳಿ)

ಉತ್ತರ: ಮೊದಲು ಆ ಮೇಲಿನ ಕವರನ್ನು ಕಿತ್ತು ಬಿಸಾಡಿ. ಅರ್ಧ ನೋವು ಅದರಿಂದಲೇ ಬಂದಿರುವ ಸಾಧ್ಯತೆ ಇದೆ.

ಯಾವುದಾದರೂ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಅಂಗೈಯನ್ನು ಪೃಷ್ಠದ ಕೆಳಗೆ ಇಟ್ಟುಕೊಳ್ಳಿ. ಎರಡು ಕಡೆ ಎರಡು ಎಲುಬಿನ ಗುಬುಟು ಕೈಗೆ ಒತ್ತುತ್ತವೆ. ಕುಳಿತಾಗ ಮೈಭಾರ ಹೊರಬೇಕಾದವು ಅವೇ. ಜೆಲ್ಲಿನ ಮೇಲೆ ಕುಳಿತರೆ ಆ ಗುಬುಟುಗಳು ಒಳಗೆ ಹೂತುಹೋಗುತ್ತವೆ. ಕೆಸರಿನಲ್ಲಿ ಕಾಲಿಟ್ಟಾಗ ಕೆಸರು ಬೆರಳ ಸಂದಿಯಿಂದ ಮೇಲೆ ಬರುವಂತೆ, ಜೆಲ್ ನಡುವಿನಲ್ಲಿ ಉಬ್ಬುತ್ತದೆ. ನರ, ರಕ್ತನಾಳಗಳು ಹಾದುಹೋಗುವ ಮೆತ್ತಗಿನ ಜಾಗಕ್ಕೆ ಅದು ಒತ್ತುತ್ತದೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ಸೀಟು ಆರಿಸುವವರಿಗೆಲ್ಲ ಇದೇ ಗತಿ. ಹೆಬ್ಬೆರಳು ಸೈಕಲ್ ತುಳಿಯುವುದಿಲ್ಲವಲ್ಲ.

ಚರ್ಮದ ಸೀಟಿನ ರಚನೆಯೇ ಬೇರೆ. ಅದನ್ನು ತಿರುಗಿಸಿ ನೋಡಿ, ಒಳಗೆ ಫೋಮಾಗಲಿ ತಗಡಾಗಲಿ ಇರುವುದಿಲ್ಲ. ಸುಮಾರು ಐದು ಮಿಲಿಮೀಟರ್ ದಪ್ಪದ ಒಂದೇ ಚರ್ಮವನ್ನು ಹಿಂದಿನ ಲೋಹದ ಪಟ್ಟಿಗೂ ಮುಂದಿನ ಮೂತಿಗೂ ರಿವೆಟ್ ಹೊಡೆದು ಬಿಗಿದಿರುತ್ತಾರೆ. ನಡುವೆ ಬರೀ ಗಾಳಿ. ಹೊಸದರಲ್ಲಿ ಅದು ಮದ್ದಳೆಯ ಹಾಗೆ ಬಿಗಿಯಾಗಿರುತ್ತದೆ. ತುಳಿಯುತ್ತ ಹೋದಂತೆ ಮೈಯ ಬಿಸಿ, ಬೆವರು, ಭಾರ ಸೇರಿ ಆ ಎರಡು ಗುಬುಟುಗಳ ಜಾಗದಲ್ಲಿ ಮಾತ್ರ ತುಸು ತಗ್ಗು ಬೀಳುತ್ತದೆ. ಆ ತಗ್ಗು ನಿಮ್ಮದೇ ಅಳತೆಯದು, ಇನ್ನೊಬ್ಬರಿಗೆ ಹೊಂದುವುದಿಲ್ಲ.

ಇದನ್ನು ನಾನು ಕಲಿತದ್ದು ಸಾಗರದಲ್ಲಿ ಅಪ್ಪ ಇಟ್ಟಿದ್ದ ಬಾಡಿಗೆ ಸೈಕಲ್ ಅಂಗಡಿಯಲ್ಲಿ. ಹನ್ನೊಂದು ಸೈಕಲ್ಲುಗಳಿದ್ದವು, ಎಲ್ಲಕ್ಕೂ ಚರ್ಮದ ಸೀಟು. ಶಾಲೆಯಿಂದ ಬಂದ ಮೇಲೆ ಒರೆಸುವ ಕೆಲಸ ನನ್ನದು. ದಿನಕ್ಕೆ ಐದಾರು ಜನ ಕುಳಿತು ಇಳಿಯುತ್ತಿದ್ದ ಆ ಸೀಟುಗಳು ವರ್ಷಗಟ್ಟಲೆ ಓಡಿದರೂ ಯಾರ ಆಕಾರಕ್ಕೂ ಬರಲಿಲ್ಲ. ಒಟ್ಟಾರೆ ಜೋತುಬಿದ್ದವು, ಅಷ್ಟೆ. ಆದರೆ ಪಂಕ್ಚರ್ ಹಾಕಿಸಲು ಬರುತ್ತಿದ್ದ ಹಾಲಿನವನ ಸೀಟಿನಲ್ಲಿ ಎರಡು ಗುಳಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಆತ ಎರಡು ಕ್ಯಾನು ಹೊತ್ತು ದಿನಕ್ಕೆ ನಲವತ್ತು ಕಿಲೋಮೀಟರ್ ತುಳಿಯುತ್ತಿದ್ದ. ಕುಂಡೆ ನೋವು ಎಂದದ್ದನ್ನು ನಾನು ಕೇಳಲಿಲ್ಲ. ಸೈಕಲ್ ಮಾರುವಾಗ ಸೀಟು ಬಿಚ್ಚಿ ಹೊಸ ಸೈಕಲ್ಲಿಗೆ ಹಾಕಿಸಿಕೊಂಡು ಹೋದ. ಕೊಂಡವನು ಬೈದುಕೊಂಡ.

ಇನ್ನು ಅಳತೆ. ಚರ್ಮದ ಸೀಟಿನಲ್ಲಿ ಆರಿಸಬೇಕಾದ್ದು ಮೆದುವನ್ನಲ್ಲ, ಅಗಲವನ್ನು. ಸೇಬಿನ ಪೆಟ್ಟಿಗೆಯ ಅಲೆಅಲೆಯಾದ ರಟ್ಟನ್ನು ಗಟ್ಟಿ ಸ್ಟೂಲಿನ ಮೇಲೆ ಹಾಸಿ, ತೆಳ್ಳನೆಯ ಬಟ್ಟೆ ಉಟ್ಟು ಅದರ ಮೇಲೆ ಕುಳಿತುಕೊಳ್ಳಿ. ಸೈಕಲ್ಲಿನಲ್ಲಿ ಎಷ್ಟು ಬಾಗುತ್ತೀರೋ ಅಷ್ಟೇ ಮುಂದಕ್ಕೆ ಬಾಗಿ, ಹಿಮ್ಮಡಿ ಎತ್ತಿ ಒಂದು ನಿಮಿಷ ಇರಿ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ತಗ್ಗು ಕಾಣುತ್ತವೆ. ಕಾಣದಿದ್ದರೆ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ಸೆಂಟಿಮೀಟರ್ ಒಳಗೆ ಬರುತ್ತದೆ. ಅದಕ್ಕೆ ನಾಲ್ಕು ಸೆಂಟಿಮೀಟರ್ ಸೇರಿಸುವುದು ನನ್ನ ಲೆಕ್ಕ. ಕಾರಣ, ಚರ್ಮದ ಸೀಟಿನ ಹಿಂದಂಚಿನಲ್ಲಿ ಲೋಹದ ಪಟ್ಟಿ ಇದೆ. ಎಲುಬು ಅದರ ಒಳಗೆ ಚರ್ಮದ ಮೇಲೆ ಕೂರಬೇಕು. ಪಟ್ಟಿಯ ಮೇಲೆ ಕುಳಿತರೆ ಸಾವಿರ ಕಿಲೋಮೀಟರ್ ಆದರೂ ಅದು ಪಳಗುವುದಿಲ್ಲ, ಕಬ್ಬಿಣ ಎಲ್ಲಿ ಪಳಗೀತು?

ಎಲ್ಲರ ಬಾಯಲ್ಲೂ ಇರುವುದು ಬ್ರೂಕ್ಸ್ ಕಂಪನಿಯ ಬಿ17. ಅದರ ಅಗಲ ಸುಮಾರು ಹದಿನೇಳು ಸೆಂಟಿಮೀಟರ್, ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ಅದರದೇ ಕಿರಿದಾದ ರೂಪ ಹದಿನೈದರ ಆಸುಪಾಸು. ನೆಟ್ಟಗೆ ಕುಳಿತು ತುಳಿಯುವವರಿಗೆ ಸ್ಪ್ರಿಂಗ್ ಇರುವ ಬಿ67, ಇಪ್ಪತ್ತು ಸೆಂಟಿಮೀಟರಿಗೂ ಮೇಲೆ. ಈ ಕಂಪನಿಯನ್ನು ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುಮಾಡಿದ್ದು ಕುದುರೆಯ ಜೀನು, ಪಟ್ಟಿ ಮಾಡುವುದಕ್ಕಾಗಿ. ಕುದುರೆ ಸತ್ತಾಗ ಸಾಲ ತಂದ ಸೈಕಲ್ಲಿನ ಸೀಟು ಅವನಿಗೆ ಎಷ್ಟು ನೋವು ಕೊಟ್ಟಿತೆಂದರೆ ತಾನೇ ಒಂದನ್ನು ಮಾಡಲು ಹೊರಟ ಎಂದು ಕಂಪನಿಯವರು ಕಥೆ ಹೇಳುತ್ತಾರೆ. ಕುದುರೆಯ ಮಾತು ನಿಜವೋ ಕಟ್ಟಿದ್ದೋ, 1882ರ ಪೇಟೆಂಟ್ ಮಾತ್ರ ನಿಜ. ಈಗ ಕಂಪನಿ ಇಟಲಿಯ ಸೆಲ್ಲೆ ರಾಯಲ್ ಕೈಯಲ್ಲಿದೆ. ಫ್ರಾನ್ಸಿನ ಜಿಲ್ ಬರ್ತೂ ಸೀಟುಗಳೂ ಒಳ್ಳೆಯವು. ರಿವೆಟ್ಟಿನ ಬದಲು ಸ್ಕ್ರೂ ಇರುವುದರಿಂದ ಚರ್ಮ ಹಾಳಾದರೆ ಅದನ್ನಷ್ಟೇ ಬದಲಾಯಿಸಬಹುದು. ಅಮೆರಿಕದ ಸೆಲ್ಲೆ ಅನಾಟಮಿಕಾದ ಚರ್ಮಕ್ಕೆ ನಡುವೆ ಉದ್ದ ಸೀಳು ಇರುತ್ತದೆ, ಮೊದಲ ದಿನದಿಂದಲೇ ಮೆದು.

ನಿಮ್ಮ ಗೆಳೆಯರ ಸೀಟಿನಲ್ಲಿ ಕುಳಿತು ತೀರ್ಮಾನಿಸಬೇಡಿ. ಅದು ಅವರದು. ಹೊಸದು ತಂದರೆ ಮೊದಲ ಮುನ್ನೂರು ಕಿಲೋಮೀಟರ್ ನನ್ನನ್ನು ಬೈಯುತ್ತೀರಿ. ನನ್ನದು ಪಳಗಲು ಎಂಟುನೂರು ಬೇಕಾಯಿತು. ನೋವು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ತುಳಿಯುತ್ತಿರಿ. ಸಾವಿರ ದಾಟಿದರೂ ಏರುತ್ತಲೇ ಇದ್ದರೆ ಅಗಲ ತಪ್ಪಾಗಿದೆ, ಹಠ ಮಾಡದೆ ಮಾರಿಬಿಡಿ. ಹ್ಯಾಂಡಲನ್ನು ತೀರಾ ಕೆಳಗಿಳಿಸಿ ರೇಸಿನವರಂತೆ ಮಲಗಿ ತುಳಿಯುವವರಾದರೆ ಬಿ17 ನಿಮ್ಮ ತೊಡೆಗೆ ಉಜ್ಜುತ್ತದೆ. ಅಂಥವರಿಗೆ ನಾನು ಚರ್ಮದ ಸೀಟನ್ನು ಒತ್ತಾಯಿಸುವುದೇ ಇಲ್ಲ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ನೇರ ಹ್ಯಾಂಡಲಿನ ಸೈಕಲ್ ತುಳಿಯುತ್ತೇನೆ. ಚರ್ಮದ ಸೀಟು ಹಾಕಿಸಿ ಎರಡು ತಿಂಗಳಾಯಿತು. ಎಲುಬಿನ ನೋವು ಕಡಿಮೆಯಾಗಿದೆ, ಆದರೆ ಒಂದು ಗಂಟೆಯ ನಂತರ ಮುಂಭಾಗ ಜೋಮು ಹಿಡಿಯುತ್ತದೆ. ಯಾರನ್ನು ಕೇಳುವುದೆಂದು ತಿಳಿಯದೆ ಬರೆಯುತ್ತಿದ್ದೇನೆ.
(ಚಿಕ್ಕಮಗಳೂರು)

ಉತ್ತರ: ಮೇಡಂ, ಕೇಳಿದ್ದು ಒಳ್ಳೆಯದಾಯಿತು. ಗಂಡಸರಿಗೂ ಇದೇ ತೊಂದರೆ ಇದೆ, ಅವರು ಬರೆಯುವುದಿಲ್ಲ ಅಷ್ಟೆ. ಜೋಮನ್ನು ಸಹಿಸಿಕೊಳ್ಳುವ ವಿಷಯವೆಂದು ತಿಳಿಯಬೇಡಿ. ಚರ್ಮ ಪಳಗಿದರೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ಸೀಟಿನ ಮೂತಿಯನ್ನು ನೋಡಿ. ಚರ್ಮದ ಸೀಟಿನ ಮೂತಿ ಕೂದಲೆಳೆಯಷ್ಟು ಮೇಲಿರಬೇಕು ಎಂದು ಹಳಬರು ಹೇಳುವುದುಂಟು, ಇಲ್ಲದಿದ್ದರೆ ಸವಾರ ಮುಂದಕ್ಕೆ ಜಾರುತ್ತಾನೆ. ಅದನ್ನು ಕೇಳಿಕೊಂಡು ಕೆಲವು ಮೆಕ್ಯಾನಿಕ್‌ಗಳು ಬೆರಳಷ್ಟು ಎತ್ತಿಬಿಡುತ್ತಾರೆ. ಮೇಸ್ತ್ರಿಗಳ ಬಳಿ ಇರುವ ರಸಮಟ್ಟವನ್ನು ಸೀಟಿನ ಉದ್ದಕ್ಕೆ ಇಟ್ಟು ಪೂರ್ತಿ ಸಮ ಮಾಡಿಸಿ. ಅಲ್ಲಿಂದ ಅಗತ್ಯವಿದ್ದಷ್ಟು ಮಾತ್ರ ಒಂದೊಂದು ಡಿಗ್ರಿ ಬದಲಾಯಿಸಿ. ಸೀಟಿನ ಕಂಬಕ್ಕೆ ಹಲ್ಲುಗಳಿರುವ ಒಂದೇ ಬೋಲ್ಟ್ ಇದ್ದರೆ ಒಂದು ಹಲ್ಲು ಎಂದರೆ ದೊಡ್ಡ ಜಿಗಿತ. ಎರಡು ಬೋಲ್ಟಿನ ಕಂಬ ಹಾಕಿಸಿಕೊಂಡರೆ ನವಿರಾಗಿ ಹೊಂದಿಸಬಹುದು. ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ.

ಎರಡನೆಯದು ಎತ್ತರ. ಪೆಡಲ್ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಆಗಷ್ಟೇ ನೆಟ್ಟಗಾಗಬೇಕು. ಸೀಟು ಅದಕ್ಕಿಂತ ಎತ್ತರವಿದ್ದರೆ ಸೊಂಟ ಆ ಕಡೆ ಈ ಕಡೆ ತೂಗುತ್ತದೆ, ಮೈಭಾರ ಎಲುಬಿನಿಂದ ಜಾರಿ ನಡುವಿಗೆ ಬರುತ್ತದೆ.

ನಿಮ್ಮ ಸೀಟು ಯಾವುದೆಂದು ಬರೆದಿಲ್ಲ. ಹೆಂಗಸರ ಎಲುಬಿನ ಅಂತರ ಸಾಮಾನ್ಯವಾಗಿ ತುಸು ಹೆಚ್ಚು, ನೆಟ್ಟಗೆ ಕುಳಿತರೆ ಇನ್ನೂ ಹಿಂದಕ್ಕೆ ಅಗಲವಾದ ಆಸರೆ ಬೇಕಾಗುತ್ತದೆ. ಕಿರಿದಾದದ್ದನ್ನು ಕೊಟ್ಟಿದ್ದರೆ ರಟ್ಟಿನ ಅಳತೆಯೇ ಅದನ್ನು ಹೇಳುತ್ತದೆ. ಬಿ17ರಲ್ಲಿ ಮೂತಿ ಗಿಡ್ಡಗಿರುವ ಹೆಂಗಸರ ಮಾದರಿ ಇದೆ, ಚೂಡಿದಾರಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ. ನಡುವೆ ಕತ್ತರಿಸಿ ಸಂದಿ ಬಿಟ್ಟ ಮಾದರಿಯೂ ಇದೆ. ಇಷ್ಟೆಲ್ಲ ಆದರೂ ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ತುಳಿಯಿರಿ. ಸೈಕಲ್ ಇಳಿದ ಮೇಲೂ ಗಂಟೆಗಟ್ಟಲೆ ಜೋಮು ಉಳಿದರೆ ಮೆಕ್ಯಾನಿಕ್ ಬಳಿಗಲ್ಲ, ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ನಮ್ಮ ಕಡೆಯ ಮಳೆಯಲ್ಲಿ ಚರ್ಮ ಉಳಿಯುತ್ತದೆಯೇ? ಆಷಾಢದಲ್ಲಿ ನನ್ನ ಚಪ್ಪಲಿಗೇ ಬೂಷ್ಟು ಬರುತ್ತದೆ.
(ತೀರ್ಥಹಳ್ಳಿ)

ಉತ್ತರ: ನನ್ನ ಸೀಟು ಹದಿನಾಲ್ಕು ಮಳೆಗಾಲವನ್ನು ಸಾಗರದಲ್ಲೇ ಕಂಡಿದೆ. ಉಳಿಯುತ್ತದೆ, ಆದರೆ ನೋಡಿಕೊಳ್ಳಬೇಕು. ಅದಕ್ಕೆ ಮೊದಲು ನಾನು ಹಾಳುಮಾಡಿದ ಸೀಟಿನ ಕಥೆ ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿ ಕೈಯಲ್ಲಿ ಕಾಸು ಬಂದ ಮೇಲೆ ಮೊದಲ ಬಾರಿಗೆ ಒಳ್ಳೆಯ ಸೀಟು ತರಿಸಿದೆ. ಬೇಗ ಪಳಗಲಿ ಎಂಬ ಆತುರ. ಅಮ್ಮನ ಕೊಬ್ಬರಿ ಎಣ್ಣೆಯ ಡಬ್ಬಿ ತಂದು ಮೇಲೂ ಕೆಳಗೂ ಸುರಿದು, ರಾತ್ರಿಯಿಡೀ ಬಟ್ಟೆ ಸುತ್ತಿಟ್ಟೆ. ಬೆಳಿಗ್ಗೆ ನೋಡಿದರೆ ಬೆಣ್ಣೆ. ಜೋಗಕ್ಕೆ ಹೋಗಿ ಬಂದೆ, ಅರುವತ್ತು ಕಿಲೋಮೀಟರ್ ಸ್ವರ್ಗಸುಖ. ಊರಿನವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಚರ್ಮ ತೊಟ್ಟಿಲಿನ ಜೋಲಿಯಾಗಿತ್ತು. ಕೆಳಗಿನ ಕಂಬಿ ಮೈಗೆ ತಾಗುತ್ತಿತ್ತು. ಚರ್ಮವನ್ನು ಎಳೆದು ಬಿಗಿಮಾಡುವ ಮೂತಿಯ ಬೋಲ್ಟ್ ಬಿಗಿದೆ, ಇನ್ನೂ ಬಿಗಿದೆ, ಒಂದು ದಿನ ರಿವೆಟ್ಟಿನ ಬುಡದಲ್ಲಿ ಚರ್ಮ ಹರಿಯಿತು. ಅಪ್ಪ ನೋಡಿ, “ಹಪ್ಪಳ ಕರಿದೆಯಾ?” ಎಂದಷ್ಟೇ ಕೇಳಿದರು.

ಆದ್ದರಿಂದ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಎಂಜಿನ್ ಆಯಿಲ್ ಯಾವುದೂ ಬೇಡ. ಸೀಟಿನ ಜೊತೆಗೆ ಸಿಗುವ ಮೇಣದಂಥ ಮುಲಾಮು ಸಾಕು. ಬ್ರೂಕ್ಸ್‌ನವರು ಅದನ್ನು ಪ್ರೂಫೈಡ್ ಎನ್ನುತ್ತಾರೆ. ಕೊಳ್ಳುವಾಗಲೇ ತಿಳಿದಿರಲಿ, ಅದರಲ್ಲಿ ಪ್ರಾಣಿಯ ಕೊಬ್ಬಿದೆ. ಹೊಸ ಸೀಟಿಗೆ ಮೇಲೂ ಕೆಳಗೂ ಒಮ್ಮೆ ಹಚ್ಚಿ, ಒಂದು ರಾತ್ರಿ ಬಿಟ್ಟು ಒಣಬಟ್ಟೆಯಿಂದ ಉಜ್ಜಿ. ಆಮೇಲೆ ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಚರ್ಮ ಒಣಗಿದಂತೆ ಕಂಡರೆ ಇನ್ನೊಮ್ಮೆ.

ಮಳೆ ಮೇಲಿನಿಂದ ಬರುತ್ತದೆಂದು ಎಲ್ಲರೂ ಕವರ್ ಹಾಕುತ್ತಾರೆ. ಸೀಟನ್ನು ಕೊಲ್ಲುವ ನೀರು ಬರುವುದು ಕೆಳಗಿನಿಂದ, ಹಿಂದಿನ ಚಕ್ರ ಎರಚುವ ಕೆಸರುನೀರು. ಸೀಟಿನ ತಳಕ್ಕೆ ಮೇಲ್ಮೈಯ ನುಣುಪು ಇಲ್ಲ, ಬಟ್ಟೆಯಂತೆ ಹೀರಿಕೊಳ್ಳುತ್ತದೆ. ಉದ್ದನೆಯ ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ಮಲೆನಾಡಿನಲ್ಲಿ ಚರ್ಮದ ಸೀಟು ಹಾಕಲೇಬೇಡಿ.

ನೆನೆದೇಹೋದರೆ ಅದರ ಮೇಲೆ ಹೆಚ್ಚು ಹೊತ್ತು ತುಳಿಯಬೇಡಿ, ಒದ್ದೆ ಚರ್ಮ ಬೇಗ ಹಿಗ್ಗುತ್ತದೆ. ಮನೆಗೆ ಬಂದು ಒರೆಸಿ, ಗಾಳಿಯಾಡುವ ಜಗಲಿಯಲ್ಲಿ ಬಿಡಿ. ಬಚ್ಚಲೊಲೆಯ ಹತ್ತಿರ ಒಯ್ಯಬೇಡಿ. ಒಲೆಯ ಕಾವಿಗೆ ಒಣಗಿದ ಚರ್ಮ ಕುಗ್ಗಿ ಬಿರಿಯುತ್ತದೆ. ನಿಲ್ಲಿಸಿದ ಸೈಕಲ್ಲಿನ ಸೀಟಿಗೆ ಪ್ಲಾಸ್ಟಿಕ್ ಕವರ್ ಹಾಕಿಯೇ ಬಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಎರಡು ದಿನದಲ್ಲಿ ಹಾಜರು. ಬಂದರೆ ಗಾಬರಿ ಬೇಡ. ಹೊರಗೆ ಒಯ್ದು ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗಿಟ್ಟು, ತೆಳ್ಳಗೆ ಮುಲಾಮು ಹಚ್ಚಿ. ಮಳೆಗಾಲದಲ್ಲಿ ವಾರಗಟ್ಟಲೆ ತುಳಿಯದಿದ್ದರೆ ನಾನು ಸೀಟನ್ನು ಬಿಚ್ಚಿ ಅಡಿಕೆ ಅಟ್ಟದ ಪಕ್ಕದ ಗೋಡೆಗೆ ನೇತುಹಾಕುತ್ತೇನೆ. ಮನೆಯಲ್ಲಿ ನಗುತ್ತಾರೆ.

ಪ್ರಶ್ನೆ: ಅಟ್ಟದಲ್ಲಿ ಅಜ್ಜನ ರ್‍ಯಾಲಿ ಸೈಕಲ್ ಸಿಕ್ಕಿದೆ. ಸೀಟು ಒಣಗಿ ಕಟ್ಟಿಗೆಯಾಗಿದೆ. ಅದನ್ನು ಉಳಿಸಿಕೊಳ್ಳಬಹುದೇ?
(ಗದಗ)

ಉತ್ತರ: ತಿರುಗಿಸಿ ನೋಡಿ. ಕೆಳಗೆ ತಗಡು, ಫೋಮು ಕಂಡರೆ ಅದು ನಡುವೆ ಯಾರೋ ಹಾಕಿಸಿದ ರೆಕ್ಸಿನ್ ಸೀಟು, ಮರುಗಬೇಡಿ. ಕಂದುಬಣ್ಣದ ಒರಟು ತಳ ಕಂಡರೆ ಚರ್ಮ. ಬಿರುಕು ಮೇಲ್ಮೈಯಲ್ಲಷ್ಟೇ ಇದೆಯೋ ಆಳಕ್ಕೆ ಇಳಿದಿದೆಯೋ ನೋಡಿ, ರಿವೆಟ್ಟುಗಳ ಸುತ್ತ ವಿಶೇಷವಾಗಿ. ಮೇಲಿನದಷ್ಟೇ ಆಗಿದ್ದರೆ ಧೂಳು ಒರೆಸಿ, ತಳಕ್ಕೂ ಮೇಲಕ್ಕೂ ತೆಳ್ಳಗೆ ಮುಲಾಮು ಹಚ್ಚಿ ಎರಡು ದಿನ ಬಿಡಿ. ಹೀಗೆ ನಾಲ್ಕಾರು ಸಲ. ಒಂದೇ ದಿನ ಕುಡಿಸಲು ಹೋಗಬೇಡಿ. ಮೂತಿಯ ಬೋಲ್ಟನ್ನು ಸದ್ಯಕ್ಕೆ ಮುಟ್ಟಲೇಬೇಡಿ, ಒಣಚರ್ಮವನ್ನು ಎಳೆದರೆ ಹರಿಯುತ್ತದೆ. ಮುಂದೆ ಪಳಗಿದ ಮೇಲೆ ಜೋತರೆ ಕಾಲು ಸುತ್ತು ಬಿಗಿಯಿರಿ, ತಿಂಗಳು ಕಾಯಿರಿ.

ರಿವೆಟ್ಟಿನ ಬಳಿ ಹರಿದಿದ್ದರೆ ಚೌಕಟ್ಟನ್ನೂ ಸ್ಪ್ರಿಂಗನ್ನೂ ಎಸೆಯಬೇಡಿ. ಚರ್ಮದ ಕೆಲಸ ಬಲ್ಲವರು ಹಳೆಯ ಚರ್ಮದ ಅಳತೆಗೇ ದಪ್ಪ ಚರ್ಮ ಕತ್ತರಿಸಿ, ನೆನೆಸಿ ಬಗ್ಗಿಸಿ ರಿವೆಟ್ ಹೊಡೆದುಕೊಡುತ್ತಾರೆ. ಮೃದು ಚರ್ಮ ಕೊಡಲು ಬಂದರೆ ಬೇಡ ಎನ್ನಿ. ಅದು ಚೀಲಕ್ಕೆ ಸರಿ. ಕೆಳಗೆ ಪ್ರತಿ ಬದಿಗೆ ಎರಡೆರಡು ಕಂಬಿಗಳಿರುವ ಸ್ಪ್ರಿಂಗ್ ಸೀಟಾಗಿದ್ದರೆ ಅದನ್ನು ಕಂಬಕ್ಕೆ ಹಿಡಿಸುವ ಕ್ಲಿಪ್ಪನ್ನು ಜೋಪಾನವಾಗಿಡಿ. ಇಂದಿನ ಸೈಕಲ್ಲಿನ ಕಂಬಕ್ಕೆ ಅಂಥ ಸೀಟು ಕೂರುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಚರ್ಮ ಬಳಸುವುದಿಲ್ಲ. ದೂರ ತುಳಿಯುವ ಆಸೆ ಬಿಡಬೇಕೇ?
(ಮೂಡುಬಿದಿರೆ)

ಉತ್ತರ: ಯಾಕೆ ಬಿಡಬೇಕು? ಚರ್ಮದ ಬದಲು ರಬ್ಬರನ್ನು ಹಾಗೆಯೇ ಹಿಂದೆ ಮುಂದೆ ಬಿಗಿದು, ಮೇಲೆ ಹತ್ತಿಯ ಬಟ್ಟೆ ಕೂಡಿಸಿದ ಕೇಂಬಿಯಂ ಎಂಬ ಸೀಟುಗಳನ್ನು ಬ್ರೂಕ್ಸ್‌ನವರೇ 2013ರಿಂದ ಮಾಡುತ್ತಿದ್ದಾರೆ. ಸಿ17 ಎಂಬುದು ಅಗಲದಲ್ಲಿ ಬಿ17ಕ್ಕೆ ಹತ್ತಿರ. ಮುಲಾಮು ಬೇಡ, ಮಳೆಗೆ ಹೆದರಬೇಕಿಲ್ಲ, ಪಳಗಿಸುವ ಕಷ್ಟವೂ ಇಲ್ಲ. ಮೊದಲ ದಿನ ಹೇಗಿತ್ತೋ ಹತ್ತುಸಾವಿರ ಕಿಲೋಮೀಟರಿಗೂ ಹೆಚ್ಚುಕಡಿಮೆ ಹಾಗೆಯೇ. ಆದ್ದರಿಂದ ಕೊಳ್ಳುವ ಮೊದಲು ಯಾರದಾದರೂ ಸೈಕಲ್ಲಿನಲ್ಲಿ ಕುಳಿತು ನೋಡಬಹುದು, ಚರ್ಮದ ಸೀಟಿಗೆ ಇಲ್ಲದ ಅನುಕೂಲ ಇದು. ನಿಮ್ಮ ಊರಿನ ಮಳೆಗೆ ನಾನಾದರೂ ಅದನ್ನೇ ಹೇಳುತ್ತಿದ್ದೆ.

ಪ್ರಶ್ನೆ: ಸೀಟು ಕಿರ್ ಕಿರ್ ಎನ್ನುತ್ತದೆ. ಜೊತೆಯಲ್ಲಿ ಬರುವವರು ದೂರ ಹೋಗುತ್ತಿದ್ದಾರೆ.
(ಶಿರಸಿ)

ಉತ್ತರ: ಕಂಬಿಗಳು ಮೂತಿಗೂ ಹಿಂದಿನ ಪಟ್ಟಿಗೂ ಸೇರುವ ಕಡೆ ಒಂದೊಂದು ತೊಟ್ಟು ಎಣ್ಣೆ, ಚರ್ಮಕ್ಕೆ ತಾಗದಂತೆ. ಸೀಟು ಹಿಡಿಯುವ ಕಂಬದ ಬೋಲ್ಟ್ ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿ ಬಿಗಿಯಿರಿ. ಹತ್ತರಲ್ಲಿ ಐದು ಸಲ ಸದ್ದು ಬರುವುದು ಸೀಟಿನಿಂದಲ್ಲ, ಆ ಬೋಲ್ಟಿನಿಂದ.

ಪ್ರಶ್ನೆ: ಇನ್ನು ಹತ್ತು ದಿನಕ್ಕೆ ನನ್ನ ಮೊದಲ 200 ಕಿಲೋಮೀಟರ್ ಬ್ರೆವೆ (ನಿಗದಿತ ಗಂಟೆಗಳೊಳಗೆ ಮುಗಿಸಬೇಕಾದ ದೂರದ ಸವಾರಿ) ಇದೆ. ಚರ್ಮದ ಸೀಟು ನಿನ್ನೆ ಬಂತು. ಹಾಕಿಕೊಂಡು ಹೋಗಲೇ?
(ಬೆಂಗಳೂರು)

ಉತ್ತರ: ಬೇಡ. 200 ಕಿಲೋಮೀಟರಿಗೆ ನಿಮಗೆ ಸಿಗುವುದು ಹದಿಮೂರೂವರೆ ಗಂಟೆ. ಹೊಸ ಸೀಟಿನ ಮೇಲೆ ಅದರಲ್ಲಿ ಹತ್ತು ಗಂಟೆ ನಿಂತೇ ತುಳಿಯುತ್ತೀರಿ. ಹಳೆಯ ಸೀಟಿನಲ್ಲೇ ಹೋಗಿ. ನೋವು ಎಲ್ಲಿ ಬರುತ್ತದೆಂದು ನಿಮಗೆ ಈಗಾಗಲೇ ಗೊತ್ತಿದೆ. ಪ್ಯಾಡ್ ಇರುವ ಚಡ್ಡಿಯನ್ನು ಒಳಉಡುಪಿಲ್ಲದೆ ಹಾಕಿ, ಉಜ್ಜುವ ಕಡೆ ವ್ಯಾಸಲೀನ್ ಸವರಿ. ಹೊಸ ಸೀಟನ್ನು ಬಂದ ಮೇಲೆ ಕಚೇರಿಗೆ ಹೋಗುವ ಸೈಕಲ್ಲಿಗೆ ಹಾಕಿ ದಿನಾ ತುಳಿಯಿರಿ. ಮೊದಲ ಎರಡು ತಿಂಗಳು ತಿಳಿಬಣ್ಣದ ಪ್ಯಾಂಟು ಮಾತ್ರ ಹಾಕಬೇಡಿ. ಕಂದು ಸೀಟಿನ ಬಣ್ಣ ಬಟ್ಟೆಗೆ ಇಳಿಯುತ್ತದೆ, ಇಳಿದದ್ದು ಎಲ್ಲಿಗೆ ಎಂದು ಕಚೇರಿಯಲ್ಲಿ ವಿವರಿಸುವುದು ಕಷ್ಟ. ನನಗೆ ಆಗಿದೆ.